ಬೆಕ್ಕಿನ ಮೈಯ ಉಣುಗು

ಮಡಿಲಲ್ಲಿ ಮಲಗಿದ ಬೆಕ್ಕಿನ ಕಿವಿಯ ಬುಡವನ್ನು ಸವರುವಾಗ ಕಾಳಿನಂಥ ಗಂಟೊಂದು ಬೆರಳಿಗೆ ತಗಲುವುದುಂಟು. ಅದು ರಕ್ತ ಕುಡಿದು ಉಬ್ಬಿದ ಉಣುಗು. ಈ ಕ್ಷುದ್ರಜೀವಿಗೂ ಇತಿಹಾಸವುಂಟೆ ಎಂದು ಶ್ರೋತೃಗಳು ನಗಬಹುದು. ಉಂಟು, ಅದನ್ನರಿಯದೆ ಚಿಕಿತ್ಸೆಗೆ ಕೈಯಿಟ್ಟರೆ ಬೆಕ್ಕನ್ನೇ ಕಳೆದುಕೊಳ್ಳುವ ಭಯವೂ ಉಂಟು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ದಕ್ಷಿಣ ಸೀಮೆಯ ದನಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋದಾಗ ಒಂದು ವಿಚಿತ್ರ ನಡೆಯುತ್ತಿತ್ತು. ಬಂದ ದನಗಳು ಸೌಖ್ಯವಾಗಿರುತ್ತಿದ್ದವು. ಅವು ಮೇದ ಬಯಲಿನಲ್ಲಿ ಮೇದ ಉತ್ತರದ ದನಗಳು ಕೆಲವು ವಾರಗಳಲ್ಲಿ ಜ್ವರ ಬಂದು ಸಾಯುತ್ತಿದ್ದವು. ಇದು ಉಣುಗಿನ ಕೃತ್ಯವೆಂದು ದನಗಾರರು ಹೇಳಿದರು. ಪಂಡಿತರಲ್ಲಿ ಬಹುಮಂದಿ ಅದನ್ನು ಗಣಿಸಲಿಲ್ಲ. ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು 1889ರಲ್ಲಿ ಪರೀಕ್ಷೆಗೆ ತೊಡಗಿದರು. ಒಂದು ಆವರಣದಲ್ಲಿ ಉಣುಗು ಹತ್ತಿದ ದಕ್ಷಿಣದ ದನಗಳೊಡನೆ ಉತ್ತರದವನ್ನು ಬಿಟ್ಟರು. ಮತ್ತೊಂದರಲ್ಲಿ, ಒಂದೊಂದು ಉಣುಗನ್ನೂ ಕೈಯಿಂದ ಆಯ್ದು ತೆಗೆದ ಮೇಲೆ ಬಿಟ್ಟರು. ಮೊದಲನೆಯದರಲ್ಲಿ ರೋಗ ಹಬ್ಬಿತು, ಎರಡನೆಯದರಲ್ಲಿ ಹಬ್ಬಲಿಲ್ಲ. 1893ರಲ್ಲಿ ಅವರ ವರದಿ ಪ್ರಕಟವಾಯಿತು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯದ ಜೀವಾಣುವನ್ನು ಕಂಡುದು ಅದಕ್ಕೆ ನಾಲ್ಕು ವರ್ಷಗಳ ಅನಂತರ.

ನಮ್ಮ ನಾಡಿಗೂ ಈ ಪಾಠ ಬಂದಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನಕ್ಕೂ ಜ್ವರ ಬಂದಿತು. ಈ ಮಂಗನ ಕಾಯಿಲೆಯ ವಾಹಕವೂ ಕಾಡಿನ ಉಣುಗೇ ಆಗಿತ್ತು. ಬೆಕ್ಕಿನ ಮೇಲೆ ಇದರ ಅಪವಾದ ಹೊರಿಸಬೇಕಾಗಿಲ್ಲ. ಆದರೆ ಉಣುಗನ್ನು ಬರಿಯ ಬೆರಳಲ್ಲಿ ಹಿಸುಕುವುದು ಜಾಣತನವಲ್ಲವೆಂದು ಇದರಿಂದ ತಿಳಿಯಬೇಕು.

ಕೈಯಿಂದ ಆಯುವುದು ಬೇಸರದ ಕೆಲಸವಾದುದರಿಂದ ಮನುಷ್ಯನು ವಿಷಗಳನ್ನು ಅರಸಿದನು. ಅಮೆರಿಕದಲ್ಲಿ 1906ರಲ್ಲಿ ತೊಡಗಿದ ಕಾರ್ಯದಲ್ಲಿ ದನಗಳನ್ನು ಪಾಷಾಣ ಬೆರೆಸಿದ ನೀರಿನಲ್ಲಿಯೂ ಮುಳುಗಿಸಿ, 1943ರ ವೇಳೆಗೆ ಆ ಜ್ವರದ ಉಣುಗನ್ನು ಮೆಕ್ಸಿಕೊ ಗಡಿಯ ಪಟ್ಟಿಯೊಂದನ್ನುಳಿದು ದೇಶದಿಂದ ನಿರ್ಮೂಲಗೊಳಿಸಿದರು. 1973ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ಡಿನ ಮೈಕೇಲ್ ಎಲಿಯಟ್ ಮತ್ತು ಸಂಗಡಿಗರು ಪರ್ಮೆತ್ರಿನ್ ಎಂಬ ಔಷಧವನ್ನು ಪ್ರಕಟಿಸಿದರು. ನಾಯಿಗೆ ಅದು ಒಗ್ಗುತ್ತದೆ. ಆದರೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಲು ಕಡಮೆ. ನಾಯಿಗೆ ಮದ್ದು, ಬೆಕ್ಕಿಗೆ ಪ್ರಾಣಸಂಕಟ. ನನ್ನ ಮನೆಯ ಬೆಕ್ಕೊಂದು ಹೀಗೆಯೇ ನಡುಗಿ ನಡುಗಿ ಸತ್ತಿತು. ನಾಯಿಯ ಮದ್ದನ್ನು ಅದರ ಕತ್ತಿಗೆ ಹಚ್ಚಿದವನು ನಾನೇ. ಓದು ಬರೆಹ ಬಲ್ಲವನಾಗಿಯೂ ಸೀಸೆಯ ಮೇಲಿನ ಬರೆಹವನ್ನು ನಾನು ಓದಿರಲಿಲ್ಲ.

ಆದುದರಿಂದ ಬೆಕ್ಕಿಗೆಂದೇ ತಯಾರಾದ ಮದ್ದನ್ನು, ಅದರ ತೂಕಕ್ಕೆ ತಕ್ಕಂತೆ, ಪಶುವೈದ್ಯರನ್ನು ಕೇಳಿಯೇ ಹಚ್ಚಬೇಕು. ಹುಲ್ಲಿನಲ್ಲಿ ಅಲೆದು ಬಂದ ಬೆಕ್ಕಿನ ಕಿವಿ, ಕತ್ತು, ಕಂಕುಳು, ಬೆರಳ ಸಂದುಗಳನ್ನು ದಿನವೂ ನೋಡಬೇಕು. ಉಣುಗು ಕಂಡರೆ ಎಣ್ಣೆ, ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಕೆರಳಿದ ಉಣುಗು ತನ್ನ ಹೊಟ್ಟೆಯ ರಸವನ್ನು ಗಾಯಕ್ಕೆ ಕಕ್ಕಬಹುದು. ಕೈಗೆ ಗವಸು ತೊಟ್ಟು, ಕೂದಲನ್ನು ಬಿಡಿಸಿ, ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಅದರ ಬಾಯಿಯ ಬಳಿ ಹಿಡಿದು, ತಿರುಚದೆ, ಜಗ್ಗದೆ, ನೇರವಾಗಿ ಮೆಲ್ಲಮೆಲ್ಲನೆ ಎಳೆಯಬೇಕು. ತೆಗೆದುದನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಗಾಯವನ್ನೂ ಕೈಯನ್ನೂ ತೊಳೆಯಬೇಕು. ಬಾಯಿಯ ಚೂರು ಚರ್ಮದಲ್ಲಿ ಉಳಿದರೆ ಅಗೆಯಬಾರದು. ಆ ಜಾಗ ಊದಿದರೆ, ಇಲ್ಲವೆ ಬೆಕ್ಕು ಅನ್ನ ಬಿಟ್ಟು ಮಂಕಾದರೆ, ವೈದ್ಯರ ಬಳಿಗೆ ಒಯ್ಯಬೇಕು.

ಸ್ಮಿತ್ತನ ಆವರಣದಲ್ಲಿ ದನಗಳನ್ನು ಉಳಿಸಿದುದು ಒಂದೊಂದಾಗಿ ಆಯ್ದ ಕೈಗಳ ತಾಳ್ಮೆ. ನಮ್ಮ ಮಡಿಲಿನ ಪ್ರಾಣಿಗೂ ನಾವು ಮೊದಲು ಕೊಡಬೇಕಾದುದು ಅದನ್ನೇ.