ಪಾಬಳದ ಶೆಡ್ಡು, ನಮ್ಮೂರ ವೆಲ್ಡಿಂಗ್ ಅಂಗಡಿ

ಮೊನ್ನೆ ಕಡಲೆಕಾಯಿ ಹೊಲದಲ್ಲಿ ಎಡೆ ಹೊಡೀತಾ ಇದ್ದಾಗ ಅಣ್ಣ ಬಂದು ಬದುವಿನ ಮೇಲೆ ಕೂತ. ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಫೇಲು. "ಇವನ ತಲೇಲಿ ಏನೂ ಇಲ್ಲ ಕಣೋ. ಯಾವಾಗ ನೋಡಿದ್ರೂ ಆ ವೆಲ್ಡಿಂಗ್ ಅಂಗಡೀಲೇ ಬಿದ್ದಿರ್ತಾನೆ" ಅಂದ. ನಾನು ಆಗ ತಳ್ಳುತ್ತಿದ್ದದ್ದು ಅದೇ ಹುಡುಗ ಹಳೇ ಸೈಕಲ್ ಚಕ್ರ ಹಾಕಿ ಮಾಡಿಕೊಟ್ಟ ಎಡೆಕುಂಟೆ. ಮೊದಲು ಮಾಡಿದಾಗ ಬ್ಲೇಡು ನೆಲ ಕಚ್ಚಿಕೊಂಡು ನಿಂತುಬಿಡ್ತಿತ್ತು. ರಟ್ಟು ಕತ್ತರಿಸಿ ಬೇರೆ ಬೇರೆ ಕೋನದಲ್ಲಿ ಹಿಡಿದು ನೋಡಿ, ಮೂರನೇ ಸಲಕ್ಕೆ ಸರಿ ಮಾಡಿದ. ಇದನ್ನ ಹೇಳಿದರೆ ಅಣ್ಣ, "ಅದಕ್ಕೆ ಮಾರ್ಕ್ಸ್ ಕೊಡ್ತಾರಾ?" ಅಂದ. ನಂಗೆ ಉತ್ತರ ಹೊಳೀಲಿಲ್ಲ. ರಾತ್ರಿ ಮಲಗಿದಾಗ ಪಾಬಳ ನೆನಪಾಯ್ತು. ಕಥೆ ಸ್ವಲ್ಪ ಉದ್ದ, ಪುರುಸೊತ್ತಲ್ಲಿ ಓದಿ.

ಪಾಬಳ ಅನ್ನೋದು ಪುಣೆ ಜಿಲ್ಲೆ ಶಿರೂರು ತಾಲ್ಲೂಕಿನ ಒಂದು ಊರು. ನಮ್ಮ ಕಡೆ ಥರಾನೇ ಬರಗಾಲದ ಸೀಮೆ. 1983ರಲ್ಲಿ ಅಲ್ಲಿಗೆ ಡಾ. ಶ್ರೀನಾಥ ಕಲಬಾಗ್ ಅನ್ನೋರು ಬಂದು 'ವಿಜ್ಞಾನ ಆಶ್ರಮ' ಶುರು ಮಾಡಿದರು. ಹೆಸರು ಕೇಳಿ ಭಜನೆ, ಧ್ಯಾನ ಅಂದ್ಕೋಬೇಡಿ, ಅಲ್ಲಿದ್ದದ್ದು ವರ್ಕ್‌ಶಾಪು. ಕಲಬಾಗರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನದ ಡಾಕ್ಟರೇಟ್ ಮಾಡಿದವರು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಕೆಲಸ ಮಾಡಿದ್ದರು, ಆಮೇಲೆ ಹಿಂದೂಸ್ತಾನ್ ಲಿವರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದರು. ಐವತ್ತು ದಾಟಿದ ಮೇಲೆ ಅದನ್ನೆಲ್ಲ ಬಿಟ್ಟು, ಶಾಲೆ ಬಿಟ್ಟ ಹಳ್ಳಿ ಹುಡುಗರ ಜೊತೆ ಕೂತರು.

ಕೈಕೆಲಸದ ಮೂಲಕ ಕಲಿಸಬೇಕು ಅನ್ನೋದೇನೂ ಹೊಸ ಮಾತಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ 'ನಯೀ ತಾಲೀಮ್' ಮುಂದಿಟ್ಟಿದ್ದರು. ಆದ್ರೆ ಬಹಳ ಕಡೆ ಅದು ಚರಕ, ತಕಲಿಗೆ ಬಂದು ನಿಂತುಹೋಯ್ತು. ಕಲಬಾಗರು ಬೆಸುಗೆ, ವಿದ್ಯುತ್ತು, ಕಟ್ಟಡ, ಬೇಸಾಯ, ಪಶುಪಾಲನೆ, ಅಡುಗೆ, ಆರೋಗ್ಯ ಎಲ್ಲವನ್ನೂ ಒಬ್ಬನೇ ಹುಡುಗನಿಗೆ ಕಲಿಸಿದರು. ಇನ್ನೊಂದು ಷರತ್ತೂ ಇತ್ತು: ಮಾಡಿದ ಕೆಲಸ ಊರಿನವರಿಗೆ ಬೇಕಾದದ್ದೇ ಆಗಿರಬೇಕು, ಅವರು ಅದಕ್ಕೆ ದುಡ್ಡು ಕೊಡಬೇಕು. ಪ್ರದರ್ಶನಕ್ಕೆ ಮಾಡಿದ ಮಾಡೆಲ್ ಕೆಟ್ಟರೆ ಯಾರೂ ಕೇಳಲ್ಲ. ದುಡ್ಡು ಕೊಟ್ಟ ರೈತನ ಗೇಟು ವಾಲಿದರೆ ಮರುದಿನ ಬೆಳಿಗ್ಗೇನೇ ಬಂದು ನಿಲ್ತಾನೆ!

ನಂಗೆ ತುಂಬಾ ಹಿಡಿಸಿದ್ದು ನೀರು ಹುಡುಕುವ ಕೆಲಸ. ನಮ್ಮಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಸುತ್ತುತ್ತಾರೆ. (ನಾನೂ ಸುತ್ತಿಸಿದೀನಿ, ಎರಡು ಬೋರು ಒಣಗಿದವು, ಆ ಮಾತು ಬಿಡಿ.) ಪಾಬಳದ ಹುಡುಗರು ಭೂಮಿಯ ವಿದ್ಯುತ್ ರೋಧ ಅಳೆಯುವ ಮೀಟರ್ ಹಿಡಿದು ಹೊಲಗಳಿಗೆ ಹೋಗ್ತಿದ್ದರು. ಒಂದೇ ಸಾಲಲ್ಲಿ ನಾಲ್ಕು ಕಬ್ಬಿಣದ ಗೂಟ ಹೊಡಿಯೋದು. ಹೊರಗಿನ ಎರಡರಿಂದ ಕರೆಂಟು ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ನೋಡೋದು. ಗೂಟಗಳ ಅಂತರ ಹೆಚ್ಚಿಸಿದಷ್ಟೂ ಆಳದ ಸುದ್ದಿ ಸಿಗುತ್ತೆ. ನೀರಿರುವ ಪದರದಲ್ಲಿ ರೋಧ ಕಡಿಮೆ, ಗಟ್ಟಿ ಬಂಡೆಯಲ್ಲಿ ಜಾಸ್ತಿ. ಇದೂ ನೂರಕ್ಕೆ ನೂರು ಅಲ್ಲ, ಜೇಡಿಮಣ್ಣೂ ಕಡಿಮೆ ರೋಧ ತೋರಿಸಿ ಯಾಮಾರಿಸುತ್ತೆ. ಆದ್ರೆ ನೋಡಿ, ಕ್ಲಾಸಲ್ಲಿ ಬಾಯಿಪಾಠ ಮಾಡಿ ಮರೆಯೋ ಓಮ್‌ನ ನಿಯಮ ಇಲ್ಲಿ ಒಬ್ಬ ರೈತನ ಸಾಲದ ಪ್ರಶ್ನೆ ಆಯ್ತು. ತಪ್ಪು ಲೆಕ್ಕ ಹಾಕಿದರೆ ಅವನ ಬೋರು ಫೇಲು. ಅಂಥಾ ಹುಡುಗ ಲೆಕ್ಕ ಮರೀತಾನಾ?

ಹಳೇ ಜೀಪಿನ ಭಾಗ ಜೋಡಿಸಿ ಸಣ್ಣ ಟ್ರ್ಯಾಕ್ಟರ್, ತ್ರಿಕೋನಗಳನ್ನು ಕೂಡಿಸಿ ಗುಮ್ಮಟದಂಥ ಮನೆ, ಹೀಗೆ ಅಲ್ಲಿ ಬಹಳ ಆಯ್ತು. ಆಶ್ರಮದ ಪಾಠಕ್ರಮವನ್ನ ಮಹಾರಾಷ್ಟ್ರದ ಎಸ್ಸೆಸ್ಸಿ ಬೋರ್ಡ್ ಒಂದು ವಿಷಯವಾಗಿಯೇ ಒಪ್ಪಿಕೊಂಡಿತು. ಅಂದ್ರೆ ಅಣ್ಣ ಕೇಳಿದ ಮಾರ್ಕ್ಸು ಅಲ್ಲಿ ಕೊಟ್ಟರು.

ಆಮೇಲೆ ಬಂತು ಕಂಪ್ಯೂಟರ್ ಕಾಲ. ಅಮೆರಿಕದ ಎಂಐಟಿಯ ನೀಲ್ ಗರ್ಷನ್‌ಫೆಲ್ಡ್ 'ಫ್ಯಾಬ್ ಲ್ಯಾಬ್' ಅಂತ ಶುರು ಮಾಡಿದ್ದರು, ಕಂಪ್ಯೂಟರಿನಲ್ಲಿ ಬರೆದದ್ದನ್ನ ಕತ್ತರಿಸಿ ಕೊರೆದು ವಸ್ತು ಮಾಡಿಕೊಡುವ ಯಂತ್ರಗಳ ಕೋಣೆ. ಎಂಐಟಿ ಆಚೆ ಹುಟ್ಟಿದ ಮೊದಮೊದಲ ಫ್ಯಾಬ್ ಲ್ಯಾಬ್‌ಗಳಲ್ಲಿ ಒಂದು 2002ರಲ್ಲಿ ಬಂದದ್ದು ಮುಂಬೈಗಲ್ಲ, ಬೆಂಗಳೂರಿಗೂ ಅಲ್ಲ, ಈ ಪಾಬಳಕ್ಕೆ. ನನ್ನ ಲೆಕ್ಕದಲ್ಲಿ ಇದು ಅದೃಷ್ಟ ಅಲ್ಲ. ಹಾಲಿನ ಗುಣಮಟ್ಟ ನೋಡಬೇಕು, ಡೀಸೆಲ್ ಇಂಜಿನ್ ಸರಿಯಾಗಿ ಟ್ಯೂನ್ ಮಾಡಬೇಕು, ಇಂಥ ಪ್ರಶ್ನೆಗಳು ಅಲ್ಲಿ ಮೊದಲೇ ಇದ್ದವು, ಯಂತ್ರ ಆಮೇಲೆ ಬಂತು. ಕಲಬಾಗರು 2003ರಲ್ಲಿ ತೀರಿಕೊಂಡರು. ಆಶ್ರಮ ಇವತ್ತೂ ನಡೀತಿದೆ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನಾನು ಕಂಡ ಒಂದು ಶಾಲೆಯಲ್ಲೂ ಇಂಥ ಕೋಣೆ ಇದೆ. ತ್ರೀಡಿ ಪ್ರಿಂಟರ್‌ಗೆ ಪ್ಲಾಸ್ಟಿಕ್ ಕವರು, ಬಾಗಿಲಿಗೆ ಬೀಗ. ಮಕ್ಕಳು ಮುಟ್ಟಿ ಕೆಡಿಸ್ತಾರೆ ಅಂತ ಭಯ. ನಮ್ಮೂರ ವೆಲ್ಡಿಂಗ್ ಅಂಗಡಿಗೆ ಬಾಗಿಲೇ ಇಲ್ಲ. ಕೆಟ್ಟ ಪಂಪು, ಮುರಿದ ನೇಗಿಲು ಎಲ್ಲಾ ಅಲ್ಲಿಗೇ ಬರುತ್ತೆ.

ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸ್ಕೊಂಡ. "ಮರುಪರೀಕ್ಷೆ ಫೀಸು ಕಟ್ಟಿದೀನಿ, ಬರೀಲೇಬೇಕು" ಅಂದ. ಅದೂ ಸರೀನೇ. ಆದ್ರೆ ಸಂಜೆ ಅಂಗಡಿಗೆ ಹೋಗೋದನ್ನ ಬಿಡಿಸಲ್ಲ ಅಂತ ಒಪ್ಪಿದ್ದಾನೆ. ಓಮ್‌ನ ನಿಯಮ ನಾನೇ ಹೇಳಿಕೊಡ್ತೀನಿ ಅಂತ ಬಾಯಿ ಬಿಟ್ಟುಬಿಟ್ಟಿದೀನಿ, ಮೊದಲು ನಾನು ಓದ್ಕೋಬೇಕು. ಕುಂಟೆ ಇನ್ನೂ ಬಲಕ್ಕೆ ಎಳೀತಿದೆ, ಭಾನುವಾರ ಹುಡುಗ ಬಂದು ನೋಡ್ತಾನಂತೆ.