ಸಾಕ್ಷ್ಯ ಯಾರ ಕೈಯಲ್ಲಿ? ಶಿವಮೊಗ್ಗ–ಭದ್ರಾವತಿಯ ಸರಕು ಚಾಲಕರು ಮತ್ತು ವಾಹನ ನಿಗಾ ವ್ಯವಸ್ಥೆ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿ.ಮೀ. ಜನರ ಬಾಯಲ್ಲಿ ಇಂದಿಗೂ ಬಿ.ಎಚ್. ರಸ್ತೆಯಾಗಿಯೇ ಉಳಿದಿರುವ ರಾಷ್ಟ್ರೀಯ ಹೆದ್ದಾರಿ 69ರ ಈ ತುಂಡಿನಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ, ಹಾಲು ಒಕ್ಕೂಟದ ಡೇರಿಯಿದೆ. ಅಡಿಕೆ ಚೀಲ ಹೇರಿದ ಲಾರಿ, ನಸುಕಿನ ಹಾಲಿನ ವ್ಯಾನು, ಸಿಲಿಂಡರ್ ಗಾಡಿ, ಆನ್‌ಲೈನ್ ಪಾರ್ಸೆಲ್ ತುಂಬಿದ ಟಾಟಾ ಏಸ್, ಊಟದ ಚೀಲ ಹೊತ್ತ ಬೈಕು ಎಲ್ಲವೂ ಇಲ್ಲಿ ಓಡುತ್ತವೆ. ಇವುಗಳಲ್ಲಿ ಹಲವಕ್ಕೆ ಈಗ ಜಿಪಿಎಸ್ ಇದೆ, ಕೆಲವಕ್ಕೆ ಕ್ಯಾಮೆರಾ ಇದೆ. ಬೈಕಿನವರ ಮಟ್ಟಿಗೆ ಕೈಯಲ್ಲಿರುವ ಫೋನೇ ನಿಗಾ ಯಂತ್ರ. ಇವೆಲ್ಲವೂ ಚಾಲಕರ ಸುರಕ್ಷತೆಗಾಗಿಯೇ ಎಂದು ಕಂಪನಿಗಳು ಹೇಳುತ್ತವೆ. ಚಾಲಕರು ಆ ಮಾತನ್ನು ಸುಲಭಕ್ಕೆ ನಂಬುವುದಿಲ್ಲ.

ಈ ಅಪನಂಬಿಕೆಯನ್ನು ಅಜ್ಞಾನವೆಂದೋ ಶಿಸ್ತಿಗೆ ಒಗ್ಗದ ಸ್ವಭಾವವೆಂದೋ ತಳ್ಳಿಹಾಕುವುದು ವಾಡಿಕೆ. ಅದು ಅನುಭವದಿಂದ ಬಂದ ವಿವೇಚನೆ ಎಂಬುದು ಈ ಲೇಖನದ ವಾದ. ಚಾಲಕರ ತಕರಾರು ಸುರಕ್ಷತೆಯ ಬಗ್ಗೆ ಅಲ್ಲ. ಯಂತ್ರ ಯಾರನ್ನು ನೋಡುತ್ತದೆ, ಯಾರನ್ನು ನೋಡುವುದಿಲ್ಲ, ಅದು ದಾಖಲಿಸಿದ ಸಾಕ್ಷ್ಯ ಯಾರ ಕೈ ಸೇರುತ್ತದೆ ಎಂಬುದರ ಬಗ್ಗೆ. ಕಾನೂನಿನ ಪಠ್ಯ, ಯಂತ್ರದ ಕಾರ್ಯವಿಧಾನ ಹಾಗೂ ಭದ್ರಾವತಿಯ ಕೈಗಾರಿಕಾ ಇತಿಹಾಸ, ಈ ಮೂರರ ಬೆಳಕಿನಲ್ಲಿ ವಾದವನ್ನು ಪರಿಶೀಲಿಸಲಾಗಿದೆ.

1. ಕಾನೂನು ಏನನ್ನು ನೋಡುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮಕ್ಕೆ 2015ರಲ್ಲಿ ಆದ ತಿದ್ದುಪಡಿ ಬಹುತೇಕ ಸಾರಿಗೆ ವಾಹನಗಳ ವೇಗವನ್ನು ಗಂಟೆಗೆ 80 ಕಿ.ಮೀ.ಗೆ, ಟ್ಯಾಂಕರ್, ಡಂಪರ್ ಮತ್ತು ಶಾಲಾ ಬಸ್ಸುಗಳ ವೇಗವನ್ನು 60 ಕಿ.ಮೀ.ಗೆ ಮಿತಿಗೊಳಿಸಿತು. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ವಿನಾಯಿತಿ ಸಿಕ್ಕಿತು. 2016ರಲ್ಲಿ ಬಂದ 125ಎಚ್ ನಿಯಮ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿಯನ್ನು ಕಡ್ಡಾಯ ಮಾಡಿತು. ಕರ್ನಾಟಕ ಸರ್ಕಾರ ಇದನ್ನು ಸಾರ್ವಜನಿಕ ಸೇವಾ ವಾಹನಗಳಿಗೂ ರಾಷ್ಟ್ರೀಯ ಪರ್ಮಿಟ್‌ನ ಸರಕು ವಾಹನಗಳಿಗೂ ಅನ್ವಯಿಸಿದ್ದು 2023ರ ನವೆಂಬರಿನಲ್ಲಿ. ಸಾಧನಕ್ಕೆ ನಿಗದಿಯಾದ ದರ ಜಿಎಸ್‌ಟಿ ಬಿಟ್ಟು 7,599 ರೂಪಾಯಿ. ಸಾಲ ಮಾಡಿ ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವವನಿಗೆ ಸುರಕ್ಷತೆ ಮೊದಲು ಖರ್ಚಿನ ರೂಪದಲ್ಲೇ ಎದುರಾಗುತ್ತದೆ. ಗುಂಡಿ ಒತ್ತಿದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ.

ಇದರ ಪಕ್ಕದಲ್ಲಿ ವಾಹನದ ತಪಾಸಣೆಯನ್ನು ಇಟ್ಟು ನೋಡಬೇಕು. 2018ರ ತಿದ್ದುಪಡಿಯ ಪ್ರಕಾರ ಎಂಟು ವರ್ಷದೊಳಗಿನ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿದರೆ ಸಾಕು, ಅದಕ್ಕೂ ಹಳೆಯದಾದರೆ ವರ್ಷಕ್ಕೊಮ್ಮೆ. ಬ್ರೇಕ್ ಲೈನಿಂಗ್ ಸವೆದಿದೆಯೇ, ಟೈರು ನುಣುಪಾಗಿದೆಯೇ ಎಂದು ಕಾನೂನು ಕೇಳುವುದು ಆಗೊಮ್ಮೆ ಈಗೊಮ್ಮೆ. ಚಾಲಕ ಎಲ್ಲಿದ್ದಾನೆ, ಎಷ್ಟು ವೇಗದಲ್ಲಿದ್ದಾನೆ ಎಂದು ಸಾಧನ ಕೇಳುವುದು ಕ್ಷಣಕ್ಷಣಕ್ಕೂ. ಲೈನಿಂಗ್ ಬದಲಿಸುವ ಅಧಿಕಾರ ಮಾಲೀಕನದು, ತಡವಾಗಿ ನಿಂತ ಗಾಡಿಯ ಹೊಣೆ ಚಾಲಕನದು. ಅಪನಂಬಿಕೆಯ ಮೊದಲ ಬೇರು ಇರುವುದು ಈ ಅಸಮತೋಲದಲ್ಲಿ.

2. ಒಂದು ಬ್ರೇಕಿನ ಲೆಕ್ಕ

ಚಾಲನೆಗೆ ಅಂಕ ಕೊಡುವ ಸಾಧನಗಳು ‘ಹಾರ್ಶ್ ಬ್ರೇಕಿಂಗ್’ ಅನ್ನು ತಪ್ಪೆಂದು ಎಣಿಸುತ್ತವೆ. ವೇಗ ಇಳಿಯುವ ದರವನ್ನು ಅಕ್ಸೆಲರೋಮೀಟರ್ ಅಳೆಯುತ್ತದೆ. ಅದು ನಿಗದಿತ ಮಿತಿ ದಾಟಿದೊಡನೆ ಒಂದು ಗುರುತು ಬೀಳುತ್ತದೆ. ಆ ಮಿತಿ ಸಾಮಾನ್ಯವಾಗಿ ಗುರುತ್ವ ವೇಗವರ್ಧನೆಯ ಅರ್ಧಕ್ಕಿಂತ ಕೆಳಗಿರುತ್ತದೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 11 ಮೀಟರಿನಂತೆ, ಗೂಡ್ಸ್ ಗಾಡಿಯೊಂದು ಬರುತ್ತಿದೆ ಎಂದಿಟ್ಟುಕೊಳ್ಳೋಣ. ನಿಂತ ಬಸ್ಸಿನ ಮುಂದಿನಿಂದ ಮಗುವೊಂದು ರಸ್ತೆಗಿಳಿಯುತ್ತದೆ. ಚಾಲಕ ಬ್ರೇಕ್ ಒತ್ತಿದ ಹೊತ್ತಿಗೆ ಉಳಿದ ಅಂತರ 12 ಮೀಟರ್. ಅಷ್ಟರೊಳಗೆ ಗಾಡಿ ನಿಲ್ಲಬೇಕಾದರೆ ವೇಗ ಪ್ರತಿ ಸೆಕೆಂಡಿಗೆ 5 ಮೀಟರಿಗಿಂತ ಹೆಚ್ಚು ಇಳಿಯಬೇಕು. ಇದು ಗುರುತ್ವದ ಅರ್ಧವನ್ನು ಮೀರಿದ ದರ. ಗಾಡಿ ನಿಂತಿತು, ಮಗು ಉಳಿಯಿತು. ಸಾಧನದ ಲೆಕ್ಕದಲ್ಲಿ ಮಾತ್ರ ಚಾಲಕ ಒಂದು ತಪ್ಪು ಮಾಡಿದ. ಬ್ರೇಕನ್ನು ಮೆಲ್ಲಗೆ ಒತ್ತಿ ಮಗುವಿಗೆ ಗುದ್ದಿದ್ದರೆ ಬ್ರೇಕಿನ ಅಂಕಣದಲ್ಲಿ ಯಾವ ಗುರುತೂ ಇರುತ್ತಿರಲಿಲ್ಲ.

ಅಂದರೆ ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಸಂದರ್ಭವನ್ನೂ ಹೇಳುವುದಿಲ್ಲ. ದನ, ಹಂಪು, ಎದುರು ದಿಕ್ಕಿನಿಂದ ನುಗ್ಗುವ ಬೈಕು ಇರುವ ನಮ್ಮ ರಸ್ತೆಗಳಲ್ಲಿ ಜೋರು ಬ್ರೇಕು ಅಜಾಗರೂಕತೆಯ ಲಕ್ಷಣವಾಗಿರುವಷ್ಟೇ ಸಲ ಎಚ್ಚರದ ಲಕ್ಷಣವೂ ಆಗಿರುತ್ತದೆ. ಸಂದರ್ಭ ಗೊತ್ತಿರುವುದು ಚಾಲಕನಿಗೆ. ಅವನ ಮಾತನ್ನು ದಾಖಲಿಸಲು ಜಾಗವೇ ಇಲ್ಲದಿದ್ದರೆ ಅಂಕ ನ್ಯಾಯವಾಗಿರಲಾರದು.

3. ವೇಗಕ್ಕಿಂತ ಮೊದಲು ವೇಳೆ

20 ಕಿ.ಮೀ. ದಾರಿಯನ್ನು ಸರಾಸರಿ 40ರಲ್ಲಿ ಕ್ರಮಿಸಲು ಅರ್ಧ ಗಂಟೆ ಬೇಕು, 60ರಲ್ಲಿ ಇಪ್ಪತ್ತು ನಿಮಿಷ. ಆ ಹತ್ತು ನಿಮಿಷವನ್ನು ಉಳಿಸಬೇಕೆನ್ನುವ ಒತ್ತಡ ಲೋಡಾಗುವುದು ತಡವಾದಾಗ, ಟ್ರಿಪ್ಪಿನ ಮೇಲೆ ಸಂಬಳ ನಿಂತಾಗ, ಶಿವಮೊಗ್ಗದ ಗಾಂಧಿ ಬಜಾರಿನ ಇಕ್ಕಟ್ಟಿನಲ್ಲಿ ಅನ್‌ಲೋಡಿಗೆ ಜಾಗ ಸಿಗದಾಗ ಹುಟ್ಟುತ್ತದೆ. ವೇಗ ದಾಖಲಾಗುತ್ತದೆ. ಆ ವೇಗವನ್ನು ಬೇಡಿದ ವೇಳಾಪಟ್ಟಿ ದಾಖಲಾಗುವುದಿಲ್ಲ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯ ಮಿತಿಯನ್ನು ವಿಧಿಸಿತ್ತು. ಐದಕ್ಕಿಂತ ಕಡಿಮೆ ಕೆಲಸಗಾರರ ಸಂಸ್ಥೆಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಒಂದೆರಡು ಗಾಡಿಯ ಮಾಲೀಕರೇ ಹೆಚ್ಚಿರುವ ಊರಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ದಣಿವು ಮತ್ತು ಕತ್ತಲ ಹೊತ್ತಿನ ರಸ್ತೆ ಎಂಥ ಅಪಾಯವೆಂದು ಭದ್ರಾವತಿ ತಾಲ್ಲೂಕಿಗೆ ಬೇರೆಯವರು ಹೇಳಬೇಕಾಗಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಯಾತ್ರಿಕರಿದ್ದ ಟಿಟಿ ವಾಹನ ನಿಂತಿದ್ದ ಲಾರಿಗೆ ಡಿಕ್ಕಿ ಹೊಡೆದು 13 ಮಂದಿ ಸತ್ತರು. ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಲು ತಕ್ಕ ಜಾಗವಿದೆಯೇ, ರಾತ್ರಿ ಓಡಿಸುವವನಿಗೆ ಹಗಲು ನಿದ್ದೆ ಸಿಕ್ಕಿದೆಯೇ ಎಂಬ ಪ್ರಶ್ನೆಗಳಿಗೆ ಯಾವ ವೇಗ ನಿಯಂತ್ರಕವೂ ಉತ್ತರಿಸಲಾರದು.

4. ಗೇಟಿನ ಒಳಗೆ ಇದ್ದ ಹಕ್ಕು

ಭದ್ರಾವತಿಯ ಉಕ್ಕಿನ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. 1948ರ ಕಾರ್ಖಾನೆ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಕ್ಕು ಮತ್ತು ಕಾಗದ ಎರಡೂ ಉದ್ಯಮಗಳ ಹೆಸರಿದೆ. 1987ರ ತಿದ್ದುಪಡಿಯಿಂದ ಬಂದ 41ಜಿ ಕಲಂ, ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಾರ್ಖಾನೆಯಲ್ಲಿ ಆಡಳಿತದವರಷ್ಟೇ ಸಂಖ್ಯೆಯ ಕಾರ್ಮಿಕ ಪ್ರತಿನಿಧಿಗಳಿರುವ ಸುರಕ್ಷತಾ ಸಮಿತಿ ಇರಲೇಬೇಕೆಂದಿತು. 41ಎಚ್ ಕಲಂ ಇನ್ನೂ ಮುಂದೆ ಹೋಗಿ, ಅಪಾಯ ಎದುರಿಗಿದೆ ಎನಿಸಿದ ಕಾರ್ಮಿಕನಿಗೆ ಅದನ್ನು ಆಡಳಿತದ ಗಮನಕ್ಕೆ ತರುವ ಹಕ್ಕನ್ನೂ, ತಕ್ಷಣ ಪರಿಹಾರ ಕ್ರಮ ಕೈಗೊಳ್ಳುವ ಹೊಣೆಯನ್ನು ಆಡಳಿತಕ್ಕೂ ಕೊಟ್ಟಿತು.

ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಆದರೂ ಆ ಎರಡು ಕಲಂಗಳ ಹಿಂದಿನ ತಿಳಿವಳಿಕೆ ಹಳತಾಗಿಲ್ಲ: ಅಪಾಯದ ಹತ್ತಿರ ನಿಂತವನಿಗೆ ಅಪಾಯ ಮೊದಲು ಕಾಣುತ್ತದೆ, ಆದ್ದರಿಂದ ಸುರಕ್ಷತೆಯ ತೀರ್ಮಾನದಲ್ಲಿ ಅವನಿಗೆ ಪಾಲಿರಬೇಕು. ಕುಲುಮೆಯ ಮುಂದೆ ನಿಂತವನಿಗೆ ಕಾನೂನು ಕೊಟ್ಟ ಈ ಪಾಲು ಅದೇ ಗೇಟಿನಿಂದ ಸರಕು ಹೊತ್ತು ಹೊರಟ ಲಾರಿಯ ಚಾಲಕನಿಗೆ ಸಿಗಲಿಲ್ಲ. ಬ್ರೇಕು ಸರಿಯಿಲ್ಲ, ಗಾಡಿ ತೆಗೆಯುವುದಿಲ್ಲ ಎಂದರೆ ಅವನ ಬಾಟಾ ಹೋಗುತ್ತದೆ, ಮರುದಿನ ಸ್ಟೇರಿಂಗ್ ಹಿಂದೆ ಇನ್ನೊಬ್ಬ ಕೂರುತ್ತಾನೆ.

5. ಹೊರಗಿನ ಅನುಭವ, ಒಳಗಿನ ಕಾಯ್ದೆ

ಅಮೆರಿಕದಲ್ಲಿ 2017ರ ಡಿಸೆಂಬರಿನಿಂದ ಟ್ರಕ್ಕುಗಳಿಗೆ ಎಲೆಕ್ಟ್ರಾನಿಕ್ ದಾಖಲೆ ಸಾಧನ ಕಡ್ಡಾಯವಾಯಿತು. ಅಲೆಕ್ಸ್ ಸ್ಕಾಟ್, ಆಂಡ್ರ್ಯೂ ಬಾಲ್ತ್ರಾಪ್ ಮತ್ತು ಜೇಸನ್ ಮಿಲ್ಲರ್ ಅವರ ಅಧ್ಯಯನ ಕಂಡುಕೊಂಡಂತೆ, ದುಡಿಮೆಯ ಗಂಟೆಯ ನಿಯಮಗಳ ಪಾಲನೆ ಹೆಚ್ಚಿತು, ಅಪಘಾತ ಇಳಿಯಲಿಲ್ಲ, ಸಣ್ಣ ಸಂಸ್ಥೆಗಳ ಚಾಲಕರಲ್ಲಿ ಅಸುರಕ್ಷಿತ ಚಾಲನೆಯ ಪ್ರಕರಣಗಳು ಏರಿದವು. ಗಂಟೆ ಬಿಗಿಯಾಯಿತು, ಸರಕು ತಲುಪಿಸುವ ಗಡುವು ಸಡಿಲವಾಗಲಿಲ್ಲ. ಚಾಲಕರು ಕಳೆದ ಸಮಯವನ್ನು ವೇಗದಿಂದ ತುಂಬಿಕೊಂಡರು.

ನಮ್ಮಲ್ಲಿ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಮುಖ್ಯವಾದ ಹೆಜ್ಜೆ. ಸ್ವಯಂಚಾಲಿತ ನಿಗಾ ಮತ್ತು ನಿರ್ಧಾರ ವ್ಯವಸ್ಥೆಯ ಬಗ್ಗೆ ಮಾಹಿತಿ ಪಡೆಯುವ ಹಕ್ಕನ್ನೂ, ಕೆಲಸದಿಂದ ತೆಗೆಯುವ ಮುನ್ನ ಕಾರಣಸಹಿತ 14 ದಿನಗಳ ನೋಟಿಸನ್ನೂ ಅದು ಕೊಡುತ್ತದೆ. ಐಡಿ ಬ್ಲಾಕ್ ಆದ ಮೇಲೆ ಯಾರನ್ನು ಕೇಳಬೇಕೆಂದು ತಿಳಿಯದ ಬೈಕಿನ ಹುಡುಗರಿಗೆ ಇದು ಆಸರೆ. ಆದರೆ ಪ್ಲಾಟ್‌ಫಾರ್ಮಿನ ಹೊರಗಿರುವ ಹಾಲಿನ ವ್ಯಾನಿನ, ಸಿಲಿಂಡರ್ ಗಾಡಿಯ, ಏಜೆನ್ಸಿ ಲಾರಿಯ ಚಾಲಕ ಇದರ ಆಚೆಗೇ ಉಳಿಯುತ್ತಾನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮಿನಲ್ಲಂತೂ, ಉದ್ಯೋಗದ ಉದ್ದೇಶಕ್ಕೆ ಮತ್ತು ಮಾಲೀಕನನ್ನು ನಷ್ಟದಿಂದ ಕಾಪಾಡಲು ನೌಕರನ ದತ್ತಾಂಶವನ್ನು ಒಪ್ಪಿಗೆಯಿಲ್ಲದೆ ಬಳಸಲು ಅವಕಾಶವಿದೆ.

6. ಸಾಕ್ಷ್ಯ ಚಾಲಕನದೂ ಆಗಲಿ

ಕ್ಯಾಮೆರಾ ಚಾಲಕನ ಶತ್ರುವಾಗಬೇಕಿಲ್ಲ. ಡಿಕ್ಕಿಯಾದೊಡನೆ ದೊಡ್ಡ ಗಾಡಿಯವನದೇ ತಪ್ಪೆಂದು ಜನ ಮುತ್ತುವ ಊರಿನಲ್ಲಿ ಅವನ ಪರವಾಗಿ ನುಡಿಯುವ ಏಕೈಕ ಸಾಕ್ಷಿ ಅದೇ ಆಗಬಹುದು. ಸಾವಿಗೆ ಕಾರಣವಾಗಿ, ತಿಳಿಸದೆ ಪರಾರಿಯಾದ ಚಾಲಕನಿಗೆ ಶಿಕ್ಷೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ ವಿರುದ್ಧ 2024ರ ಜನವರಿಯಲ್ಲಿ ದೇಶದಾದ್ಯಂತ ಚಾಲಕರು ಗಾಡಿ ನಿಲ್ಲಿಸಿದ್ದರ ಹಿಂದೆ ಈ ಭಯವೂ ಇತ್ತು. ಆ ಕಲಮಿನ ಜಾರಿಯನ್ನು ತಡೆಹಿಡಿಯಲಾಯಿತು, ಭಯ ಹೋಗಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಸಾಧನದ ಉಸ್ತುವಾರಿ ಹೊತ್ತವರ ಪ್ರಮಾಣಪತ್ರ ಬೇಕು. ಉಸ್ತುವಾರಿ ಕಂಪನಿಯದು. ಹೀಗಾಗಿ ತನ್ನ ನಿರಪರಾಧಿತ್ವವನ್ನು ತೋರಿಸುವ ದೃಶ್ಯಕ್ಕೂ ಚಾಲಕ ಕಂಪನಿಯ ಬಾಗಿಲಿಗೇ ಹೋಗಬೇಕು.

ಚಾಲಕರಲ್ಲೂ ವೇಗದ ಚಟದವರಿದ್ದಾರೆ, ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ನೇತುಹಾಕುವವರಿದ್ದಾರೆ. ನಿಗಾ ಬೇಡವೆನ್ನುವುದು ಉತ್ತರವಲ್ಲ. ಆದರೆ ಅದು ನಂಬಿಕೆ ಗಳಿಸಬೇಕಾದರೆ ನಾಲ್ಕು ಕೆಲಸ ಆಗಬೇಕು. ದಾಖಲೆಯ ಪ್ರತಿ ಕೇಳಿದೊಡನೆ ಚಾಲಕನ ಕೈಗೆ ಸಿಗಬೇಕು. ಅಂಕ ಕಡಿಮೆ ಮಾಡುವ ಮುನ್ನ ಅವನ ವಿವರಣೆಯನ್ನು ಬರೆದುಕೊಳ್ಳಬೇಕು. ವೇಗದ ಜೊತೆಗೆ ಲೋಡಿನ ತೂಕ, ಹೊರಡಿಸಿದ ವೇಳೆ, ಕೊಟ್ಟ ಗಡುವು, ಬ್ರೇಕು ರಿಪೇರಿಯ ದಿನಾಂಕವೂ ಅದೇ ದಾಖಲೆಯಲ್ಲಿರಬೇಕು. ಕೆಟ್ಟ ಗಾಡಿಯನ್ನು ತೆಗೆಯಲಾರೆ ಎಂದವನ ಕೂಲಿ ಕಟ್ ಆಗಬಾರದು. ಬಿಡಿಬಿಡಿ ಮಾಲೀಕರಿರುವ ಕಡೆ ಜಿಲ್ಲಾ ಮಟ್ಟದಲ್ಲಿ ಸಾರಿಗೆ ಮತ್ತು ಕಾರ್ಮಿಕ ಇಲಾಖೆಗಳು ಚಾಲಕರನ್ನೂ ಸೇರಿಸಿ ಸುರಕ್ಷತಾ ಸಮಿತಿ ರಚಿಸಬಹುದು. ನೂರು ವರ್ಷ ಕಾರ್ಖಾನೆಯ ಜೊತೆ ಬಾಳಿದ ಭದ್ರಾವತಿಯಲ್ಲೇ ಈ ಪ್ರಯೋಗ ಆರಂಭವಾಗುವುದು ಸೂಕ್ತ. ಆ ಸಮಿತಿಯ ಮೊದಲ ಸಭೆಯಲ್ಲಿ ಚಾಲಕರ ಅನುಮಾನಗಳೇ ಕಾರ್ಯಸೂಚಿಯಾಗಬೇಕು, ಏಕೆಂದರೆ ಈ ರಸ್ತೆಯ ಅಪಾಯಗಳ ಪಟ್ಟಿ ಈಗಾಗಲೇ ಅವುಗಳಲ್ಲಿದೆ.