ರಂಜೆ ಮರದ ಕೆಳಗಿನ ಆಣೆ

ಅತಿಮಾನುಷ ಶಕ್ತಿಯುಳ್ಳ ಹದಿಹರೆಯದವರ ಕಥೆ ಎಂದರೆ ಇಂದಿನ ಓದುಗರಿಗೆ 1963ರಲ್ಲಿ ಶುರುವಾದ ಎಕ್ಸ್-ಮೆನ್ ಕಾಮಿಕ್ಸ್ ನೆನಪಾಗುತ್ತದೆ, ಇಲ್ಲವೇ ಸ್ಟೀಫನ್ ಕಿಂಗ್ 1974ರಲ್ಲಿ ಪ್ರಕಟಿಸಿದ ‘ಕ್ಯಾರಿ’. ಈ ಜಾತಿಯ ಕಥೆಗಳು ಕೊನೆಗೆ ಕೇಳುವ ಪ್ರಶ್ನೆ ಒಂದೇ: ಇಷ್ಟು ಎಳೆಯ ಕೈಗೆ ಇಷ್ಟು ಶಕ್ತಿ ಸಿಕ್ಕರೆ ಅದಕ್ಕೆ ಲಗಾಮು ಹಾಕುವವರು ಯಾರು? ಉತ್ತರ ಚೆನ್ನೈನ ತಿರುವೊಟ್ಟಿಯೂರಿನಲ್ಲಿ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಸಿಕ್ಕಿತ್ತು. ಲಗಾಮು ಹಾಕಿದ್ದು ಹೂ ಕಟ್ಟುವ ಒಬ್ಬ ಹುಡುಗಿ.

ಹುಡುಗನ ಹೆಸರು ಸುಂದರರ್. ಕನ್ನಡಿಗರಿಗೆ ಅವನು ಅರವತ್ತಮೂವರು ಪುರಾತನರಲ್ಲಿ ಒಬ್ಬನಾದ ನಂಬಿಯಣ್ಣ. ಹಂಪೆಯ ಹರಿಹರ ಅವನ ಮೇಲೆ ದೊಡ್ಡದೊಂದು ರಗಳೆಯನ್ನೇ ಬರೆದಿದ್ದಾನೆ. ಶೈವ ಸಂಪ್ರದಾಯದ ಲೆಕ್ಕದಲ್ಲಿ ಅವನು ಬದುಕಿದ್ದು 18 ವರ್ಷ, ಅವನಿಗಿಂತ ಹಿಂದಿನ ಜ್ಞಾನಸಂಬಂಧರ್ 16 ವರ್ಷ. ಈ ಸಂಖ್ಯೆಗಳನ್ನು ನೆನಪಿಡಲು ತಮಿಳಿನಲ್ಲಿ ಒಂದು ಪದ್ಯವೇ ಇದೆ. ಅದು ಇತಿಹಾಸವಲ್ಲ, ನಂತರದವರ ಲೆಕ್ಕಾಚಾರ. ಆದರೆ ಪವಾಡ ಮಾಡುವವರು ಎಳೆಯರೇ ಆಗಿರಬೇಕೆಂದು ಜನ ಬಯಸಿದ್ದರು ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ಪವಾಡಗಳಿಗೇನೂ ಕೊರತೆಯಿಲ್ಲ. ವೃದ್ಧಾಚಲದ ಹೊಳೆಗೆ ಹಾಕಿದ ಚಿನ್ನವನ್ನು ಸುಂದರರ್ ತಿರುವಾರೂರಿನ ಕೆರೆಯಲ್ಲಿ ಎತ್ತುತ್ತಾನೆ. ಅವಿನಾಶಿಯಲ್ಲಿ ಮೊಸಳೆ ನುಂಗಿದ್ದ ಹುಡುಗನನ್ನು ಬದುಕಿಸಿ ತರುತ್ತಾನೆ. ಶಿವನನ್ನು ಗೆಳೆಯನೆಂದೇ ಕರೆದು ಮನೆಗೆಲಸ ಹೇಳುವಷ್ಟು ಸಲಿಗೆ. ತಿರುವಾರೂರಿನಲ್ಲಿ ಪರವೈ ಎಂಬ ಹೆಂಡತಿಯೂ ಇದ್ದಾಳೆ.

ತಿರುವೊಟ್ಟಿಯೂರಿಗೆ ಬಂದಾಗ ಅವನ ಕಣ್ಣು ಸಂಗಿಲಿಯ ಮೇಲೆ ಬೀಳುತ್ತದೆ. ಅವಳೂ ಸಾಮಾನ್ಯಳಲ್ಲ. ಹತ್ತಿರದ ಞಾಯಿರು ಊರಿನವಳು, ಮದುವೆಯ ಮಾತೆತ್ತಿದರೆ ಮೂರ್ಛೆ ಹೋಗುತ್ತಿದ್ದಳು. ಹೆತ್ತವರು ಹೆದರಿ ಅವಳನ್ನು ದೇವಸ್ಥಾನದ ಬಳಿ ಇರಿಸಿದ್ದರು. ದೇವರಿಗೆ ಮಾಲೆ ಕಟ್ಟುವುದು ಅವಳ ಕೆಲಸ. ಸುಂದರರ್ ನೇರವಾಗಿ ಶಿವನ ಬಳಿ ಹೋಗಿ ಅವಳನ್ನು ಕೊಡಿಸು ಎನ್ನುತ್ತಾನೆ. ಶಿವ ಅವಳ ಕನಸಿನಲ್ಲಿ ಬಂದು ವಿಷಯ ತಿಳಿಸಿದಾಗ ಅವಳು ಒಪ್ಪುತ್ತಾಳೆ, ಆದರೆ ಅವನಿಗೆ ಪರವೈ ಇರುವುದನ್ನು ಮರೆಯುವುದಿಲ್ಲ. ಹಾಗಾದರೆ ನಿನ್ನನ್ನು ಬಿಟ್ಟು ಹೋಗುವುದಿಲ್ಲವೆಂದು ಅವನಿಂದ ಆಣೆ ಮಾಡಿಸಿಕೋ ಎಂದು ಶಿವನೇ ಹೇಳಿಕೊಡುತ್ತಾನೆ.

ಸುಂದರರ್ ಇಲ್ಲೊಂದು ಚಾಲಾಕಿ ಮಾಡುತ್ತಾನೆ. ನಾನು ಗರ್ಭಗುಡಿಯಲ್ಲಿ ಆಣೆ ಮಾಡುವಾಗ ನೀನು ಅಲ್ಲಿರಬೇಡ, ಹೊರಗಿನ ಮಗಿಳ ಮರದಲ್ಲಿರು ಎಂದು ಗೆಳೆಯನನ್ನು ಕೇಳಿಕೊಳ್ಳುತ್ತಾನೆ. ಮಗಿಳವೆಂದರೆ ನಮ್ಮ ರಂಜೆ, ಬಕುಳ. ಶಿವ ಅದಕ್ಕೂ ಒಪ್ಪಿ, ಸಂಗಿಲಿಗೆ ಮತ್ತೆ ಕನಸಿನಲ್ಲಿ ಹೇಳುತ್ತಾನೆ: ಆಣೆಯನ್ನು ಮರದ ಕೆಳಗೇ ಕೇಳು. ಬೆಳಗ್ಗೆ ಅವಳ ಗೆಳತಿಯರು, ಇಷ್ಟಕ್ಕೆಲ್ಲ ದೇವರ ಮುಂದೆ ಆಣೆ ಯಾಕೆ, ಮರದಡಿ ಸಾಕಲ್ಲ ಎಂದಾಗ ಅವನ ಬಾಯಿ ಕಟ್ಟಿತು. ಮರಕ್ಕೆ ಮೂರು ಸುತ್ತು ಬಂದು ಆಣೆಯಿಟ್ಟ.

ವಸಂತ ಬಂತು. ತಿರುವಾರೂರಿನ ಉತ್ಸವ ನೆನಪಾಗಿ ಅವನು ಹೊರಟ. ಊರಿನ ಎಲ್ಲೆ ದಾಟುತ್ತಲೇ ಎರಡೂ ಕಣ್ಣು ಹೋದವು. ಕಂಚಿಯಲ್ಲಿ ಒಂದು ಕಣ್ಣು, ತಿರುವಾರೂರಿನಲ್ಲಿ ಇನ್ನೊಂದು ಬರುವವರೆಗೆ ಕೋಲು ಹಿಡಿದು, ಹಾಡುತ್ತ ಬೇಡುತ್ತ ನಡೆದ.

ಈ ಕಥೆಯನ್ನು 12ನೇ ಶತಮಾನದಲ್ಲಿ ವಿಸ್ತಾರವಾಗಿ ಹೇಳಿದವನು ‘ಪೆರಿಯ ಪುರಾಣ’ದ ಸೇಕ್ಕಿಳಾರ್. ಆದರೆ ಎಲ್ಲವೂ ಅವನ ಕಲ್ಪನೆಯಲ್ಲ. ತಿರುಮುಲ್ಲೈವಾಯಿಲಿನ ಮೇಲಿನ ತನ್ನ ಪದಿಗದಲ್ಲಿ ಸುಂದರರ್ ತಾನೇ ಸಂಗಿಲಿಯ ಹೆಸರೆತ್ತಿ, ಅವಳಿಗಾಗಿ ನನ್ನ ಕಣ್ಣು ಕಿತ್ತುಕೊಂಡೆಯಲ್ಲ ಎಂದು ಶಿವನಿಗೆ ಹೇಳುತ್ತಾನೆ. ಊರಿನ ಹೆಸರಿನಲ್ಲೂ ಒಂದು ತಮಾಷೆಯಿದೆ. ತಮಿಳಿನ ‘ಒಱ್ಱಿ’ಯೂ ಕನ್ನಡದ ‘ಒತ್ತೆ’ಯೂ ಒಂದೇ ಬೇರಿನ ಮಾತುಗಳು, ಇದು ಒತ್ತೆಯಿಟ್ಟ ಊರು ಎಂದು ಹಳೆಯ ಕವಿಗಳು ಶ್ಲೇಷೆ ಮಾಡಿದ್ದಾರೆ.

ಕೊಟ್ಟ ಮಾತು ಉಳಿಸಿಕೊಳ್ಳಲಾಗದವನ ಕಥೆ ಈ ಊರಿನಲ್ಲಿ ಇನ್ನೊಂದಿದೆ, ಅದಕ್ಕೆ ಕನ್ನಡ ನಾಡಿನ ನಂಟೂ ಇದೆ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರ ಹೋರಾಡಿದ ಗಂಗ ಬೂತುಗ, ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಅದನ್ನು ಹೆಮ್ಮೆಯಿಂದ ಹೇಳುತ್ತದೆ. ಸೋತವರ ಕಡೆಯ ಮಾತು ಸಿಗುವುದು ತಿರುವೊಟ್ಟಿಯೂರಿನಲ್ಲಿ. ರಾಜಾದಿತ್ಯನ ಜೊತೆ ರಣರಂಗದಲ್ಲಿ ಸಾಯಲಾಗಲಿಲ್ಲವೆಂದು ನೊಂದ ಅವನ ಗೆಳೆಯನೊಬ್ಬ ಸನ್ಯಾಸಿಯಾಗಿ ಇಲ್ಲಿನ ಮಠ ಸೇರಿ ಚತುರಾನನ ಪಂಡಿತನಾದ. ಇದನ್ನು ಹೇಳುವ ಸಂಸ್ಕೃತ ಶಾಸನಕ್ಕೆ ಹಾಕಿರುವುದು ಗೆದ್ದ ಕೃಷ್ಣನದೇ 20ನೇ ಆಳ್ವಿಕೆಯ ವರ್ಷ.

ಆ ಮಠದ ಮುಖ್ಯಸ್ಥರು ಚತುರಾನನ ಎಂಬ ಹೆಸರನ್ನೇ ಮುಂದುವರಿಸಿದರು. ಚೋಳ ಇಮ್ಮಡಿ ರಾಜಾಧಿರಾಜನ ಕಾಲದ, 12ನೇ ಶತಮಾನದ ಉತ್ತರಾರ್ಧದ ಶಾಸನವೊಂದರಲ್ಲಿ, ಅರಸ ಉತ್ಸವದ ದಿನ ಮಗಿಳ ಮರದ ಕೆಳಗೆ ಕೂತು, ಆಗಿನ ಚತುರಾನನ ಪಂಡಿತನ ಜೊತೆ ಸುಂದರರ್ ಪುರಾಣ ಕೇಳಿದ ಪ್ರಸಂಗವಿದೆ. ಅರಸರಿಗೂ ಆಣೆ ಇಡಿಸಿಕೊಳ್ಳುವ ಮರವೊಂದು ಬೇಕು ಎಂದು ಮಠದವರಿಗೆ ಅನಿಸಿತ್ತೋ ಏನೋ!

ತಿರುವಾರೂರಿಗೆ ಮರಳಿದ ಸುಂದರರ್‌ನನ್ನು ಪರವೈ ಬಾಗಿಲೊಳಕ್ಕೆ ಬಿಡಲಿಲ್ಲ. ಅವಳನ್ನು ಸಮಾಧಾನ ಮಾಡಲು ಶಿವನೇ ಎರಡು ಸಲ ಅಲೆಯಬೇಕಾಯಿತು. ಸೇಕ್ಕಿಳಾರ್ ಅದನ್ನು ರಸವತ್ತಾಗಿ ವರ್ಣಿಸುತ್ತಾನೆ. ಆಣೆ ಇಡಿಸಿಕೊಂಡ ಸಂಗಿಲಿಯ ಮುಂದಿನ ದಿನಗಳ ಬಗ್ಗೆ ಮಾತ್ರ ಅವನದು ಹೆಚ್ಚುಕಡಿಮೆ ಮೌನ. ತಿರುವೊಟ್ಟಿಯೂರಿನವರು ಈಗಲೂ ಮಾಸಿ ತಿಂಗಳ ಬ್ರಹ್ಮೋತ್ಸವದಲ್ಲಿ ‘ಮಗಿಳಡಿ ಸೇವೈ’ ನಡೆಸಿ, ಅವಳ ಮದುವೆಯನ್ನೂ ಆ ಆಣೆಯನ್ನೂ ಮರದ ಕೆಳಗೆ ಮತ್ತೆ ಮಾಡಿಸುತ್ತಾರೆ.